ಯುವ ವಿನಿಮಯಕ್ಕೆ ಫೌಂಡೇಶನ್ ಗ್ರಾಂಟ್: ಯಾವುದಕ್ಕೆ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ

ಪ್ರಶ್ನೆ: ನಮ್ಮದು ಧಾರವಾಡ ಕಡೆಯ ಒಂದು ಸಣ್ಣ ಯುವ ಟ್ರಸ್ಟ್. ನೋಂದಣಿಯಾಗಿ ಎರಡು ವರ್ಷ ಆಯಿತು. ಹಳ್ಳಿಯ ಕಾಲೇಜು ಹುಡುಗ ಹುಡುಗಿಯರನ್ನು ಬೇರೆ ರಾಜ್ಯದ ಮನೆಗಳಲ್ಲಿ ಹತ್ತು ದಿನ ಇರಿಸುತ್ತೇವೆ. ಅಲ್ಲಿಯವರನ್ನು ನಮ್ಮ ಮನೆಗಳಿಗೆ ಕರೆಸಿಕೊಳ್ಳುತ್ತೇವೆ. ಇದುವರೆಗೆ ಕೈಯಿಂದ ಹಾಕಿದ ದುಡ್ಡು ಮತ್ತು ಊರವರ ದೇಣಿಗೆಯಲ್ಲಿ ನಡೆದಿದೆ. ಮುಂದೆ ಹೊರದೇಶಗಳ ಜೊತೆಗೂ ಮಾಡುವ ಆಸೆಯಿದೆ. ಫೌಂಡೇಶನ್‌ಗಳು ಇಂಥ ಕೆಲಸಕ್ಕೆ ಗ್ರಾಂಟ್ ಕೊಡುತ್ತವೆಯೇ? ಕೊಟ್ಟರೆ ಯಾವ ಖರ್ಚಿಗೆ? ಅಮೆರಿಕದಲ್ಲಿರುವ ನಮ್ಮೂರಿನ ಕೆಲವರು ಹಣ ಕಳಿಸುತ್ತೇವೆ ಎನ್ನುತ್ತಿದ್ದಾರೆ, ತೆಗೆದುಕೊಳ್ಳಬಹುದೇ? ಗ್ರಾಂಟ್ ನಿಂತುಹೋದರೆ ಏನು ಗತಿ?

ಉತ್ತರ: ಅಮೆರಿಕದ ಹಣದ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ. ಉಳಿದ ಕಡೆ ತಪ್ಪಾದರೆ ತಿದ್ದಿಕೊಳ್ಳಬಹುದು. ಇಲ್ಲಿ ತಪ್ಪಾದರೆ ಟ್ರಸ್ಟಿಗಳೇ ಕೇಸು ಎದುರಿಸಬೇಕಾಗುತ್ತದೆ.

ಹೊರಗಿನ ದೇಣಿಗೆಗೆಲ್ಲ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಈಗಿರುವುದು 2010ರ ಕಾಯ್ದೆ. 2020ರ ತಿದ್ದುಪಡಿಯಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದ್ದಾರೆ. ಹಣ ಕೊಡುವವರ ಕೈಯಲ್ಲಿ ಯಾವ ದೇಶದ ಪಾಸ್‌ಪೋರ್ಟ್ ಇದೆ ಎಂಬುದನ್ನು ಈ ಕಾಯ್ದೆ ನೋಡುತ್ತದೆ. ನಿಮ್ಮೂರಿನವರು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದು ಇನ್ನೂ ಭಾರತದ ಪ್ರಜೆಯೇ ಆಗಿದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಅವರು ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ, ಭಾರತ ಮೂಲದ ವಿದೇಶಿಯರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಅಲ್ಲಿನ ಕನ್ನಡ ಕೂಟ ಅಲ್ಲಿಯ ಸಂಸ್ಥೆಯಾಗಿ ನೋಂದಣಿಯಾಗಿದ್ದರೆ ಅದರ ಹಣವೂ ಅಷ್ಟೇ. ಒಂದೇ ಊರಿನ ಅಣ್ಣ ತಮ್ಮಂದಿರಲ್ಲಿ ಒಬ್ಬರ ಹಣ ತೆಗೆದುಕೊಳ್ಳಬಹುದು, ಇನ್ನೊಬ್ಬರದು ಬೇಡ ಎನ್ನಬೇಕಾಗಬಹುದು. ಬೇಜಾರಿನ ಮಾತು, ಆದರೆ ಹಾಗೇ ಇದೆ. ಕೊಡುವವರಿಂದ ಪಾಸ್‌ಪೋರ್ಟಿನ ಪ್ರತಿ ಕೇಳಿ ಇಟ್ಟುಕೊಳ್ಳಿ. ನಿಮ್ಮ ಸಿಎ ಅವರಿಗೂ ತೋರಿಸಿ.

ಎಫ್‌ಸಿಆರ್‌ಎ ನೋಂದಣಿ ಬೇಕೆಂದರೆ ಸಂಸ್ಥೆಗೆ ಕನಿಷ್ಠ 3 ವರ್ಷ ಆಗಿರಬೇಕು. ಹಿಂದಿನ 3 ವರ್ಷಗಳಲ್ಲಿ ತನ್ನ ಮೂಲ ಕೆಲಸಕ್ಕೇ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ನಿಮಗೆ ಎರಡೇ ವರ್ಷ ಆಗಿರುವುದರಿಂದ ಅದು ಸದ್ಯಕ್ಕಿಲ್ಲ. ಹೊಸ ಸಂಸ್ಥೆಗಳಿಗೆ ಇರುವ ದಾರಿ ಪೂರ್ವಾನುಮತಿ. ಇಂಥ ದಾನಿಯಿಂದ, ಇಷ್ಟು ಹಣ, ಇಂಥ ಕೆಲಸಕ್ಕೆ ಎಂದು ದಾನಿಯ ಒಪ್ಪಿಗೆ ಪತ್ರ ಇಟ್ಟು ಗೃಹ ಸಚಿವಾಲಯಕ್ಕೆ ಅರ್ಜಿ ಹಾಕಬೇಕು. ಯಾವ ದಾರಿಯಲ್ಲಿ ಹೋದರೂ ಹಣ ಮೊದಲು ಇಳಿಯಬೇಕಾದದ್ದು ಎಸ್‌ಬಿಐ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೆ.

ಇದಕ್ಕೆ ಒಂದು ಅಡ್ಡದಾರಿಯನ್ನು ಹಲವರು ಹೇಳಿಕೊಡುತ್ತಾರೆ. ಬೆಂಗಳೂರಿನ ದೊಡ್ಡ ಸಂಸ್ಥೆಗೆ ಹಣ ತರಿಸಿ, ಅಲ್ಲಿಂದ ನಿಮ್ಮ ಟ್ರಸ್ಟಿಗೆ ಹಾಕಿಸಿಕೊಳ್ಳಿ ಎನ್ನುತ್ತಾರೆ. 2020ಕ್ಕೆ ಮುಂಚೆ ಎಫ್‌ಸಿಆರ್‌ಎ ಇದ್ದ ಸಂಸ್ಥೆಗಳ ನಡುವೆ ಇದು ನಡೆಯುತ್ತಿತ್ತು. ಈಗ ಪೂರ್ತಿ ನಿಷಿದ್ಧ. ವಿನಿಮಯದ ಕೆಲಸಕ್ಕೆ ಈ ಬದಲಾವಣೆಯಿಂದ ಜಾಸ್ತಿ ಪೆಟ್ಟು ಬಿದ್ದಿದೆ, ಯಾಕೆಂದರೆ ವಿನಿಮಯ ಎಂದರೇ ಎರಡು ಕಡೆಯ ಎರಡು ಸಂಸ್ಥೆ. ಒಂದು ಕಡೆಗೆ ಬಂದ ವಿದೇಶಿ ಗ್ರಾಂಟನ್ನು ಇನ್ನೊಂದು ಕಡೆಗೆ ಹಂಚುವ ಹಾಗಿಲ್ಲ. ದೊಡ್ಡ ಸಂಸ್ಥೆಯೇ ಕಾರ್ಯಕ್ರಮ ನಡೆಸಿ, ತಾನೇ ಟಿಕೆಟ್ ಕೊಂಡು, ತರಬೇತಿ ಕೊಡುವವರಿಗೆ ತಾನೇ ಸಂಭಾವನೆ ಕೊಟ್ಟರೆ ಸರಿ. ನಿಮ್ಮ ಖಾತೆಗೆ ಹಣ ದಾಟಿಸಿದರೆ ತಪ್ಪು.

ಇನ್ನು ಮುಖ್ಯ ಪ್ರಶ್ನೆ. ಫೌಂಡೇಶನ್‌ಗಳು ಯುವ ವಿನಿಮಯಕ್ಕೆ ಹಣ ಕೊಡುತ್ತವೆ. ಆದರೆ "24 ಮಕ್ಕಳನ್ನು ಕರೆದುಕೊಂಡು ಹೋಗಬೇಕು, ಟಿಕೆಟ್ ಖರ್ಚು ಕೊಡಿ" ಎಂದು ಕೇಳಿದರೆ ಬಹುತೇಕ ಸಿಗುವುದಿಲ್ಲ. ಕೇಳುವವರಿಗೆ ಅದು ಕಾರ್ಯಕ್ರಮ. ಅರ್ಜಿ ಓದುವವರಿಗೆ ಅದು ಪ್ರವಾಸ. ಆ ಪ್ರಯಾಣದ ಹಿಂದೆ ಮುಂದೆ ಇರುವ ಕೆಲಸಕ್ಕೆ ಗ್ರಾಂಟ್ ಸಿಗುತ್ತದೆ: ಯಾರನ್ನು ಆರಿಸಬೇಕು, ಹೇಗೆ ತಯಾರು ಮಾಡಬೇಕು, ಮನೆಗಳನ್ನು ಹೇಗೆ ಹುಡುಕಬೇಕು, ಮಧ್ಯೆ ಜಗಳವೋ ಮನಸ್ತಾಪವೋ ಬಂದರೆ ಯಾರು ಕೂತು ಮಾತಾಡಬೇಕು, ವಾಪಸ್ ಬಂದ ಮೇಲೆ ಏನು. ಇದರ ಜೊತೆಗೆ, ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ ಹಿಂದೆ ಉಳಿಯುವ ಮಕ್ಕಳ ಪೂರ್ತಿ ಖರ್ಚು. ಇವೆರಡನ್ನು ಗಟ್ಟಿ ಹಿಡಿದುಕೊಂಡು ಪ್ರಪೋಸಲ್, ಅಂದರೆ ಗ್ರಾಂಟ್ ಕೇಳುವ ಅರ್ಜಿ ಬರೆಯಿರಿ.

ಈ ಕೆಲಸ ಹುಟ್ಟಿಕೊಂಡ ರೀತಿ ನೋಡಿದರೆ ಕಾರಣ ತಿಳಿಯುತ್ತದೆ. 1932ರಲ್ಲಿ ಅಮೆರಿಕದ ಡೊನಾಲ್ಡ್ ವಾಟ್ ತಮ್ಮ ದೇಶದ ಯುವಕರ ಗುಂಪೊಂದನ್ನು ಯುರೋಪಿಗೆ ಕರೆದೊಯ್ದು ಎಕ್ಸ್‌ಪೆರಿಮೆಂಟ್ ಇನ್ ಇಂಟರ್‌ನ್ಯಾಷನಲ್ ಲಿವಿಂಗ್ ಎಂಬ ವಿನಿಮಯ ಕಾರ್ಯಕ್ರಮ ಶುರು ಮಾಡಿದರು. ಮೊದಲ ಬೇಸಿಗೆಯಲ್ಲಿ ಅಲ್ಲಿನ ಹುಡುಗರ ಜೊತೆ ಶಿಬಿರದಲ್ಲಿ ಇರಿಸಿದ್ದರು. ಮರುವರ್ಷ ಕ್ರಮ ಬದಲಿಸಿ ಸ್ಥಳೀಯರ ಮನೆಗಳಲ್ಲಿ ಇರಿಸಿದರು. ಮನೆವಾಸ ಎಂಬ ಪದ್ಧತಿ ಗಟ್ಟಿಯಾದದ್ದು ಅಲ್ಲಿಂದ. ಎಎಫ್‌ಎಸ್ ಎಂಬ ವಿನಿಮಯ ಸಂಸ್ಥೆಯ ಕತೆ ಇನ್ನೂ ದೊಡ್ಡದು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಗಾಯಾಳು ಸೈನಿಕರನ್ನು ಸಾಗಿಸಲು ಅಮೆರಿಕದ ಸ್ವಯಂಸೇವಕರು ಆಂಬುಲೆನ್ಸ್ ಓಡಿಸಿದರು. 1915ರಲ್ಲಿ ಎ. ಪಯಟ್ ಆಂಡ್ರೂ ಕಟ್ಟಿದ ಅಮೆರಿಕನ್ ಫೀಲ್ಡ್ ಸರ್ವಿಸ್ ಅದು. ಎರಡು ಯುದ್ಧಗಳ ನಡುವೆ ಆ ಸಂಸ್ಥೆ ಎರಡೂ ದೇಶದ ಕಾಲೇಜು ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಟ್ಟಿತು. ಎರಡನೇ ಯುದ್ಧ ಮುಗಿದ ಮೇಲೆ, 1947ರಲ್ಲಿ, ಸ್ಟೀಫನ್ ಗಲಾಟ್ಟಿ ನಾಯಕತ್ವದಲ್ಲಿ ಹೈಸ್ಕೂಲು ಮಕ್ಕಳ ವಿನಿಮಯ ಆರಂಭವಾಯಿತು. ಮೊದಲ ತಂಡದಲ್ಲಿ 10 ದೇಶಗಳ 52 ಮಕ್ಕಳಿದ್ದರು. ಹೆಣ ಹೊತ್ತು ಗಾಯ ಕಟ್ಟಿದ ಜನರೇ ಮುಂದೆ ಮಕ್ಕಳನ್ನು ಪರದೇಶದ ಮನೆಗಳಿಗೆ ಕಳಿಸಲು ಮುಂದಾದರು ಎಂಬುದು ನನ್ನನ್ನು ಇವತ್ತಿಗೂ ತಟ್ಟುತ್ತದೆ.

ಇವೆರಡರಲ್ಲೂ ಒಂದು ಸಂಗತಿ ಸಮಾನ. ಮಕ್ಕಳನ್ನು ಇಟ್ಟುಕೊಂಡ ಕುಟುಂಬಗಳೇ ದೊಡ್ಡ ಖರ್ಚನ್ನು ಹೊತ್ತವು. ಎಎಫ್‌ಎಸ್ ಮಾದರಿಯಲ್ಲಿ ಹೆಚ್ಚಿನ ದೇಶಗಳ ಆತಿಥೇಯ ಕುಟುಂಬಗಳು ಹಣ ಪಡೆಯದೆ ಮಕ್ಕಳಿಗೆ ಊಟ, ಮಂಚ, ಮನೆ ಕೊಡುತ್ತವೆ. ನಮ್ಮ ಊರುಗಳಲ್ಲಿ ನಡೆಯುವ ರೋಟರಿ ಯುವ ವಿನಿಮಯವೂ ಹೀಗೇ. ವಿಮಾನದ ಟಿಕೆಟ್ ಮತ್ತು ವಿಮೆ ಹುಡುಗನ ಅಪ್ಪ ಅಮ್ಮನದು. ಉಳಿಯುವ ಮನೆ, ಶಾಲೆ, ಸ್ವಲ್ಪ ಕೈಖರ್ಚು ಕರೆಸಿಕೊಂಡ ಕ್ಲಬ್ಬಿನದು. ಅಂದರೆ ನಿಮ್ಮ ಟ್ರಸ್ಟಿನ ಮೊದಲ ದಾನಿಗಳು ಈಗಾಗಲೇ ನಿಮ್ಮ ಹತ್ತಿರ ಇದ್ದಾರೆ. ಉಪ್ಪಿನ ಬೆಟಗೇರಿಯಲ್ಲೋ ಗರಗದಲ್ಲೋ ಹತ್ತು ದಿನ ಹೊರಗಿನ ಹುಡುಗಿಗೆ ರೊಟ್ಟಿ ಬಡಿದು ಹಾಕಿದ ತಾಯಿಯೂ ದಾನಿಯೇ ಅಲ್ವಾ? ಆ ಕೊಡುಗೆಯನ್ನು ಬಜೆಟ್ಟಿನಲ್ಲಿ ಬರೆಯಿರಿ. ಹೆಚ್ಚಿನ ಸಣ್ಣ ಸಂಸ್ಥೆಗಳು ಇದನ್ನು ಬರೆಯುವುದೇ ಇಲ್ಲ.

ಲೆಕ್ಕ ಹಾಕಿ ತೋರಿಸುತ್ತೇನೆ. ಇದು ಕಲ್ಪಿಸಿಕೊಂಡ ಲೆಕ್ಕ, ದರಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ. ಧಾರವಾಡ ಕಡೆಯ 12 ಮಕ್ಕಳು ಉತ್ತರಾಖಂಡಕ್ಕೆ ಹೋಗುತ್ತಾರೆ, ಅಲ್ಲಿಯ 12 ಮಕ್ಕಳು ಇಲ್ಲಿಗೆ ಬರುತ್ತಾರೆ, ಎರಡೂ ಕಡೆ ತಲಾ ಇಬ್ಬರು ಹಿರಿಯರು. ಒಟ್ಟು 28 ಜನ. ರೈಲು ಬಸ್ಸು ಹೋಗಿ ಬರಲು ತಲಾ 6,000 ಎಂದರೆ 1,68,000 ರೂಪಾಯಿ. ಹತ್ತು ದಿನ ಮನೆಗಳಲ್ಲಿ ಊಟ, ವಸತಿ ದಿನಕ್ಕೆ 500 ಎಂದು ಹಿಡಿದರೂ 1,40,000. ಎರಡೂ ಕಡೆ ಹೊರಡುವ ಮುಂಚಿನ ತಯಾರಿ ಶಿಬಿರಕ್ಕೆ 60,000. ಶಿಬಿರ ಮತ್ತು ಸಂವಾದ ನಡೆಸುವವರ ಸಂಭಾವನೆ 80,000. ವಿಮೆ, ಔಷಧಿಗೆ 20,000. ಆರು ತಿಂಗಳ ನಂತರ ಎಲ್ಲರೂ ಮತ್ತೆ ಸೇರಲು 50,000. ಸಂಯೋಜಕರಿಗೆ ತಿಂಗಳಿಗೆ 25,000ದಂತೆ ನಾಲ್ಕು ತಿಂಗಳ ಸಂಬಳ 1,00,000. ಆಡಿಟ್, ಕಚೇರಿ ಖರ್ಚು 30,000. ಅನಿರೀಕ್ಷಿತ ಖರ್ಚಿಗೆ 20,000. ಒಟ್ಟು 6,68,000.

ಇದರಲ್ಲಿ ಮನೆಗಳ ಆತಿಥ್ಯ 1,40,000. ಅದು ನಗದಲ್ಲ, ಆದರೆ ನಿಜವಾದ ಕೊಡುಗೆ. ಉಳಿದ ನಗದು ಖರ್ಚು 5,28,000. ಕೊಡಬಲ್ಲ 12 ಮಕ್ಕಳಿಂದ ತಲಾ 3,000 ಶುಲ್ಕ ತೆಗೆದುಕೊಂಡರೆ 36,000 ಬರುತ್ತದೆ. ಊರವರ ದೇಣಿಗೆ 50,000 ಸೇರಿದರೆ ಫೌಂಡೇಶನ್ ಹತ್ತಿರ ಕೇಳಬೇಕಾದದ್ದು 4,42,000. ಈಗ ನೀವು ಕೈ ಚಾಚಿ ನಿಂತವರಾಗಿ ಕಾಣುವುದಿಲ್ಲ. ಒಟ್ಟು ಖರ್ಚಿನ ಮೂರನೇ ಒಂದು ಭಾಗವನ್ನು ಊರೇ ಹೊತ್ತಿದೆ ಎಂದು ತೋರಿಸಿದವರಾಗುತ್ತೀರಿ. ನಾನು ಪ್ರಪೋಸಲ್ ಓದುವಾಗ ಮೊದಲು ಹುಡುಕುವುದು ಈ ಸಾಲನ್ನು. ಊರು ಹೊರದ ಕೆಲಸವನ್ನು ಹೊರಗಿನ ಹಣ ಬಹಳ ದಿನ ಹೊರುವುದಿಲ್ಲ ಎಂದು ಫಂಡರ್‌ಗಳಿಗೂ ಗೊತ್ತು.

ಸಂಯೋಜಕರ ಸಂಬಳವನ್ನು ಹಾಕಲು ಅನೇಕರಿಗೆ ಸಂಕೋಚ. "ನಾವು ಸೇವೆ ಮಾಡುತ್ತಿದ್ದೇವೆ, ಸಂಬಳ ಕೇಳಿದರೆ ಏನೆಂದುಕೊಳ್ಳುತ್ತಾರೋ" ಎಂಬ ಅಳುಕು. ಹಾಕಿ. ಹಾಕದಿದ್ದರೆ ಒಂದೆರಡು ವರ್ಷದಲ್ಲಿ ಕೆಲಸ ಮಾಡುವವರು ಸುಸ್ತಾಗಿ ಬಿಟ್ಟುಹೋಗುತ್ತಾರೆ. ಮನೆಗಳ ಪರಿಚಯ, ತಾಯಂದಿರ ನಂಬಿಕೆ, ಆ ಕಡೆಯ ಸಂಸ್ಥೆಯ ಜೊತೆಗಿನ ಸ್ನೇಹ ಎಲ್ಲ ಅವರ ಜೊತೆಗೇ ಹೋಗುತ್ತದೆ. ಆಡಳಿತ ಖರ್ಚಿಗೆ ಮಿತಿ ಇರುವುದೂ ನಿಜ. ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ 20%ಗಿಂತ ಹೆಚ್ಚು ಬಳಸುವಂತಿಲ್ಲ. 2020ಕ್ಕೆ ಮುಂಚೆ ಅದು 50% ಇತ್ತು. ಯಾವ ಸಂಬಳ ಆಡಳಿತದ್ದು, ಯಾವುದು ಕಾರ್ಯಕ್ರಮದ್ದು ಎಂದು ವಿಂಗಡಿಸಿ ಬರೆಯುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ.

ಗ್ರಾಂಟ್‌ಗಳಲ್ಲಿ ಒಂದೇ ತರ ಇಲ್ಲ. ಹೆಚ್ಚು ಸಿಗುವುದು ಪ್ರಾಜೆಕ್ಟ್ ಗ್ರಾಂಟ್. ಇಂಥ ಕೆಲಸ, ಇಷ್ಟು ತಿಂಗಳು, ಇಷ್ಟು ಹಣ, ಮುಗಿದ ಮೇಲೆ ಲೆಕ್ಕ. ಹಣ ಕಂತುಗಳಲ್ಲಿ ಬರುತ್ತದೆ. ಮೊದಲ ಕಂತಿನ ಲೆಕ್ಕ ಮತ್ತು ವರದಿ ಹೋಗದೆ ಎರಡನೆಯದು ಬರುವುದಿಲ್ಲ. ಅದಕ್ಕೇ ರೈಲು ಟಿಕೆಟ್ ಕಾಯ್ದಿರಿಸುವ ತಿಂಗಳಿಗೂ ಕಂತು ಬರುವ ತಿಂಗಳಿಗೂ ಹೊಂದಿಕೆ ಇರಲಿ. ಮಾರ್ಚಿನಲ್ಲಿ ಹಣ ಬಂದು, ಮೇ ತಿಂಗಳ ರಜೆಗೆ ಟಿಕೆಟ್ ಸಿಗದೆ ಪರದಾಡುವ ಸಂಸ್ಥೆಗಳನ್ನು ತುಂಬಾ ನೋಡಿದ್ದೇನೆ. ಇನ್ನೊಂದು ತರದ್ದು ಮ್ಯಾಚಿಂಗ್ ಗ್ರಾಂಟ್, ನೀವು ಒಂದು ಲಕ್ಷ ಎತ್ತಿದರೆ ಅವರೂ ಒಂದು ಲಕ್ಷ ಹಾಕುತ್ತಾರೆ. ಊರವರ ದೇಣಿಗೆಯಲ್ಲೇ ಬೆಳೆದ ನಿಮಗೆ ಇದು ಚೆನ್ನಾಗಿ ಒಗ್ಗುತ್ತದೆ. ಸಂಸ್ಥೆ ಬೆಳೆಯಲೆಂದು, ಇಂಥದ್ದಕ್ಕೇ ಎಂದು ಕಟ್ಟುಹಾಕದೆ ಹಲವು ವರ್ಷಕ್ಕೆ ಕೊಡುವ ಗ್ರಾಂಟ್ ಅಪರೂಪ. ಅಮೆರಿಕದ ಫೋರ್ಡ್ ಫೌಂಡೇಶನ್ 2016ರಲ್ಲಿ ಬಿಲ್ಡ್ ಎಂಬ ಹೆಸರಿನಲ್ಲಿ 100 ಕೋಟಿ ಡಾಲರನ್ನು ಇದಕ್ಕೇ ತೆಗೆದಿಟ್ಟಿತು. ಇಂಥ ಹಣ ಸಾಮಾನ್ಯವಾಗಿ ಬಹುಕಾಲದ ಪರಿಚಯದ ಸಂಸ್ಥೆಗಳಿಗೇ ಹೋಗುತ್ತದೆ. ಮೊದಲ ಅರ್ಜಿಯಲ್ಲೇ ನಿರೀಕ್ಷಿಸಬೇಡಿ.

ಯಾರ ಹತ್ತಿರ ಹೋಗಬೇಕು? ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಎಲ್ಲರಿಗೂ ಮೊದಲು ಹೊಳೆಯುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದ 2% ಹಣವನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆದರೆ ನಿಮಗೆ ಎರಡು ಅಡ್ಡಿಗಳಿವೆ. ಹಣ ಪಡೆಯುವ ಟ್ರಸ್ಟಿಗೆ ಅಂಥದೇ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಇರಬೇಕು. ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಮತ್ತು ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಸಂಖ್ಯೆಯೂ ಬೇಕು. ಇನ್ನೊಂದು, ಭಾರತದ ಹೊರಗೆ ನಡೆಯುವ ಕೆಲಸ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ದೇಶವನ್ನೋ ರಾಜ್ಯವನ್ನೋ ಪ್ರತಿನಿಧಿಸುವ ಕ್ರೀಡಾಪಟುಗಳ ತರಬೇತಿಗೆ ಮಾತ್ರ ವಿನಾಯಿತಿ ಇದೆ. ಹೊರದೇಶದ ವಿನಿಮಯಕ್ಕೆ ಸಿಎಸ್‌ಆರ್ ಕೇಳಿ ಸಮಯ ಕಳೆಯಬೇಡಿ. ರಾಜ್ಯಗಳ ನಡುವಿನ ವಿನಿಮಯಕ್ಕೆ ಮುಂದಿನ ವರ್ಷ ಧೈರ್ಯವಾಗಿ ಕೇಳಿ.

ಈಗ ನಿಮಗೆ ಹತ್ತಿರದ ದಾರಿ ಭಾರತದ ಫೌಂಡೇಶನ್‌ಗಳು ಮತ್ತು ಕುಟುಂಬ ಟ್ರಸ್ಟ್‌ಗಳು. ಇಲ್ಲಿಯ ಹಣಕ್ಕೆ ಎಫ್‌ಸಿಆರ್‌ಎ ಬೇಕಿಲ್ಲ. ಬೆಂಗಳೂರಿನಲ್ಲೇ ಇರುವ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸಣ್ಣ ದೊಡ್ಡ ಸಂಸ್ಥೆಗಳಿಗೆ ಗ್ರಾಂಟ್ ಕೊಡುತ್ತದೆ. ಹಿಂದುಳಿದ ಸಮುದಾಯಗಳ ಬದುಕಿನಲ್ಲಿ ಏನು ಬದಲಾಗುತ್ತದೆ ಎಂಬುದು ಅಂಥ ಕಡೆ ಮೊದಲು ಬರುವ ಪ್ರಶ್ನೆ. ನಿಮ್ಮ ವಿನಿಮಯದಲ್ಲಿ ಹಾಡು, ಕತೆ, ನೇಯ್ಗೆ, ರಂಗಭೂಮಿ ಇದ್ದರೆ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಡೆಗೂ ನೋಡಿ. ಅದೂ ಬೆಂಗಳೂರಿನದು, 1993ರಲ್ಲಿ ಸ್ಥಾಪನೆಯಾದದ್ದು, ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಸರ್ಕಾರದ ಕಡೆ ಏಕ ಭಾರತ ಶ್ರೇಷ್ಠ ಭಾರತ ಯೋಜನೆಯಲ್ಲಿ ಕರ್ನಾಟಕಕ್ಕೆ ಜೋಡಿಯಾಗಿರುವ ರಾಜ್ಯ ಉತ್ತರಾಖಂಡ. ಮೇಲಿನ ಲೆಕ್ಕದಲ್ಲಿ ಉತ್ತರಾಖಂಡ ತೆಗೆದುಕೊಂಡದ್ದೂ ಅದಕ್ಕೇ. ಕಾಲೇಜುಗಳ ಮೂಲಕ ಆ ಯೋಜನೆಯ ತಂಡಗಳ ಜೊತೆ ಸೇರಿಕೊಂಡರೆ ಪ್ರಯಾಣದ ಖರ್ಚು ಇಳಿಯಬಹುದು. ಆಗ ಗ್ರಾಂಟಿನ ಹಣ ಪೂರ್ತಿ ತಯಾರಿಗೆ, ಸಂವಾದಕ್ಕೆ ಉಳಿಯುತ್ತದೆ.

ಪ್ರಪೋಸಲ್ ಒಳಗೆ ಏನು ಬರೆಯಬೇಕು ಎಂಬುದರಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಹೆಚ್ಚಿನವರು ವೇದಿಕೆ ಕಾರ್ಯಕ್ರಮ ಬರೆಯುತ್ತಾರೆ. ಅವರು ಅವರ ಕುಣಿತ ಕುಣಿಯುತ್ತಾರೆ, ಇವರು ಡೊಳ್ಳು ಬಾರಿಸುತ್ತಾರೆ, ಕೊನೆಗೆ ಗಣ್ಯರು ಸರ್ಟಿಫಿಕೇಟ್ ಹಂಚುತ್ತಾರೆ. ನೋಡಲು ಚೆಂದ. ಆದರೆ ಇದರಿಂದ ಮನಸ್ಸು ಬದಲಾಗುತ್ತದೆ ಎಂದು ಯಾವ ಅನುಭವಿ ಫಂಡರ್ ಕೂಡ ಒಪ್ಪುವುದಿಲ್ಲ. 1954ರಲ್ಲೇ ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ ಇದರ ಬಗ್ಗೆ ಹೇಳಿದ್ದಾರೆ. ಬೇರೆ ಗುಂಪಿನವರು ಸುಮ್ನೆ ಎದುರು ಬದುರಾದರೆ ಸಾಲದು. ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಗುರಿ ಒಂದೇ ಆಗಿರಬೇಕು, ಅದಕ್ಕಾಗಿ ಜೊತೆಗೂಡಿ ದುಡಿಯಬೇಕು, ಹಿರಿಯರ ಬೆಂಬಲ ಇರಬೇಕು. ಹಾಗಿದ್ದಾಗ ಪೂರ್ವಗ್ರಹ ಕರಗುತ್ತದೆ ಎಂದರು. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ ಎಂಬ ಇಬ್ಬರು ಸಂಶೋಧಕರು 515 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಡನಾಟ ಪೂರ್ವಗ್ರಹವನ್ನು ತಗ್ಗಿಸುತ್ತದೆ, ಆಲ್‌ಪೋರ್ಟ್ ಹೇಳಿದ ಷರತ್ತುಗಳು ಕೂಡಿ ಬಂದರೆ ಇನ್ನೂ ಜಾಸ್ತಿ ತಗ್ಗಿಸುತ್ತದೆ ಎಂದು ಕಂಡುಕೊಂಡರು.

ಇದನ್ನು ನಮ್ಮ ಹಳ್ಳಿಗೆ ತಂದು ನೋಡಿ. ಸಮಾನ ಸ್ಥಾನ ಎಂಬಲ್ಲೇ ಜಾತಿಯ ಪ್ರಶ್ನೆ ಏಳುತ್ತದೆ. ಬರುವ ಮಕ್ಕಳನ್ನು ಯಾರ ಮನೆಗಳಲ್ಲಿ ಇಳಿಸುತ್ತೀರಿ? ಊರಿನ ಒಳಗಿನ ಮನೆಗಳಲ್ಲಿ ಮಾತ್ರವೋ, ಕೇರಿಯ ಮನೆಗಳಲ್ಲೂ ಇಳಿಸುತ್ತೀರೋ? ಯಾವ ಹುಡುಗಿಗೆ ಯಾವ ಮನೆಯ ಅಡುಗೆಮನೆಯೊಳಗೆ ಹೋಗಲು ಬಿಡುತ್ತಾರೆ? ಹೊರಡುವ ತಂಡದಲ್ಲಿ ದಲಿತ ಮಕ್ಕಳು, ಮುಸ್ಲಿಂ ಮಕ್ಕಳು ಎಷ್ಟು ಜನ? ಅವರು ಉಳಿಯುವ ಮನೆಗಳಲ್ಲಿ ಮುಂಚೆಯೇ ಕೂತು ಮಾತಾಡಿದ್ದೀರಾ? ಬೇರೆ ರಾಜ್ಯದವರ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುವ ಹುಡುಗ ತನ್ನ ಊರಿನ ಕೇರಿಯ ಹುಡುಗನ ಮನೆಯಲ್ಲಿ ನೀರು ಕುಡಿಯದಿದ್ದರೆ ಯಾವ ಸಂಸ್ಕೃತಿಯ ವಿನಿಮಯ ಆದಂತಾಯಿತು? ಈ ಪ್ರಶ್ನೆಗಳನ್ನು ನೀವೇ ಎತ್ತಿ, ಏನು ಮಾಡುತ್ತೀರಿ ಎಂದು ನೇರವಾಗಿ ಬರೆಯಿರಿ. ಒಳ್ಳೆಯ ಫೌಂಡೇಶನ್ ಇದನ್ನು ದೌರ್ಬಲ್ಯ ಎಂದು ತಿಳಿಯುವುದಿಲ್ಲ. ಕೆಲಸ ಎಲ್ಲಿದೆ ಎಂದು ಇವರಿಗೆ ಗೊತ್ತಿದೆ ಎಂದುಕೊಳ್ಳುತ್ತದೆ. ಮನೆಗಳ ಜೊತೆ ನಡೆಸುವ ಮಾತುಕತೆಗೆ, ಅದಕ್ಕಾಗಿ ಓಡಾಡುವ ಇಬ್ಬರ ಸಂಭಾವನೆಗೆ ಹಣ ಕೇಳಿ. ಇದಕ್ಕೆ ಹಣ ಕೊಡಬೇಕಾದದ್ದೇ ಫೌಂಡೇಶನ್‌ಗಳು. ಬೇರೆ ಯಾರೂ ಕೊಡುವುದಿಲ್ಲ.

ಹುಡುಗಿಯರ ವಿಷಯವೂ ಇಷ್ಟೇ ದೊಡ್ಡದು. ಹುಡುಗನನ್ನು ಕಳಿಸಲು ಅಪ್ಪನ ಒಂದು ಸಹಿ ಸಾಕು. ಹುಡುಗಿಯನ್ನು ಕಳಿಸಲು ಅಜ್ಜಿಯಿಂದ ಹಿಡಿದು ಸೋದರಮಾವನವರೆಗೆ ಎಲ್ಲರೂ ಒಪ್ಪಬೇಕು. ಅದಕ್ಕೆ ಮನೆಗೆ ನಾಲ್ಕು ಸಲ ಹೋಗಬೇಕು, ಜೊತೆಗೆ ಹೋಗುವ ಅಕ್ಕನೊಬ್ಬಳನ್ನು ಪರಿಚಯಿಸಬೇಕು, ಹಿಂದಿನ ವರ್ಷ ಹೋಗಿ ಬಂದ ಹುಡುಗಿಯ ತಾಯಿಯನ್ನು ಕರೆತಂದು ಮಾತಾಡಿಸಬೇಕು. ಇವೆಲ್ಲ ಖರ್ಚಿನ ಬಾಬತ್ತೇ. ಯುರೋಪಿನ ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ಯುವ ವಿನಿಮಯಕ್ಕೆ ಹಣ ಕೊಡುವಾಗ ಪ್ರಯಾಣ, ದಿನದ ಖರ್ಚು, ಸಂಘಟನೆಯ ಖರ್ಚು ಎಂದು ಬೇರೆ ಬೇರೆ ಇಟ್ಟು, ಅವಕಾಶ ಕಡಿಮೆ ಇರುವ ಮಕ್ಕಳನ್ನು ಸೇರಿಸಿಕೊಳ್ಳಲು ಆಗುವ ಹೆಚ್ಚಿನ ಖರ್ಚಿಗೆ ಪ್ರತ್ಯೇಕ ಬಾಬತ್ತು ಇಟ್ಟಿದ್ದಾರೆ. ಮುಂಚಿತವಾಗಿ ಹೋಗಿ ಜಾಗ ನೋಡಿ ಬರುವ ಭೇಟಿಗೂ ಹಣ ಉಂಟು. ಆ ಯುವ ವಿನಿಮಯದ ಗ್ರಾಂಟ್ ನಿಮ್ಮ ಟ್ರಸ್ಟಿಗೆ ಸಿಗುವಂಥದ್ದಲ್ಲ. ಆದರೆ ಬಜೆಟ್ಟಿನ ಆ ವಿಂಗಡಣೆ ನಕಲು ಮಾಡಲು ಯೋಗ್ಯವಾಗಿದೆ.

ವಾಪಸ್ ಬಂದ ಮೇಲೆ ಏನು ಎಂಬುದು ಪ್ರಪೋಸಲ್‌ಗಳಲ್ಲಿ ಬಹುಪಾಲು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಅಮೆರಿಕದ ಮೇನ್ ರಾಜ್ಯದಲ್ಲಿ 1993ರಲ್ಲಿ ಪತ್ರಕರ್ತ ಜಾನ್ ವಾಲಕ್ ಸೀಡ್ಸ್ ಆಫ್ ಪೀಸ್ ಎಂಬ ಶಿಬಿರ ಆರಂಭಿಸಿದರು. ಇಸ್ರೇಲ್, ಪ್ಯಾಲೆಸ್ತೀನ್, ಈಜಿಪ್ಟ್ ಮಕ್ಕಳು ಮೊದಲು ಬಂದರು. 2001ರಿಂದ ಭಾರತ, ಪಾಕಿಸ್ತಾನದ ಮಕ್ಕಳೂ ಸೇರಿದರು. ಅಲ್ಲಿ ಆಟ, ಈಜು ಎಲ್ಲ ಇದೆ. ಅದರ ಜೊತೆಗೆ ತರಬೇತಿ ಪಡೆದವರು ನಡೆಸುವ ಸಂವಾದ ಪ್ರತಿದಿನ ಇರುತ್ತದೆ, ಮಕ್ಕಳು ಅತ್ತು ಜಗಳಾಡಿ ಮಾತಾಡುವ ಹೊತ್ತು ಅದು. ಶಿಬಿರ ಮುಗಿದ ಮೇಲೂ ಅವರವರ ಊರಿನಲ್ಲಿ ಕೆಲಸ ಮುಂದುವರಿಸಿದರು, ಯಾಕೆಂದರೆ ಮನೆಗೆ ಮರಳಿದ ಮಕ್ಕಳು ಮತ್ತೆ ಹಳೆಯ ಮಾತುಗಳ ನಡುವೆಯೇ ಬದುಕಬೇಕು. ಫ್ರಾನ್ಸ್ ಮತ್ತು ಜರ್ಮನಿ 1963ರಲ್ಲಿ ಸೇರಿ ಕಟ್ಟಿದ ಯುವ ಕಚೇರಿಯ ಪಾಠ ಇನ್ನೊಂದು ತರದ್ದು. ಎರಡೂ ಸರ್ಕಾರಗಳು ಸಮಪಾಲು ಹಣ ಹಾಕುತ್ತವೆ. ಇದುವರೆಗೆ 90 ಲಕ್ಷಕ್ಕೂ ಹೆಚ್ಚು ಯುವಕ ಯುವತಿಯರು ಅದರ ಮೂಲಕ ಹೋಗಿ ಬಂದಿದ್ದಾರೆ. ಹಣ ಒಂದೇ ಕಡೆಯಿಂದ ಬಂದರೆ ಕೊಟ್ಟವರು ಯಜಮಾನರು, ಬಂದವರು ನೆಂಟರು ಆಗುತ್ತಾರೆ. ಆ ಕಡೆಯ ಸಂಸ್ಥೆ ಬಡದಾಗಿದ್ದರೂ ಅದರ ಪಾಲು ಏನು ಎಂದು ಒಪ್ಪಂದದಲ್ಲಿ ಬರೆದುಕೊಳ್ಳಿ, ಮನೆ ಊಟದ ರೂಪದಲ್ಲಾದರೂ.

ಮಕ್ಕಳ ಸುರಕ್ಷತೆ ಬಗ್ಗೆ ಒಂದು ಪುಟದ ನೀತಿ ಬರೆದಿಟ್ಟುಕೊಳ್ಳದೆ ಯಾರ ಬಾಗಿಲಿಗೂ ಹೋಗಬೇಡಿ. 18ರ ಒಳಗಿನವರೆಲ್ಲ 2012ರ ಪೋಕ್ಸೋ ಕಾಯ್ದೆಯ ಲೆಕ್ಕದಲ್ಲಿ ಮಕ್ಕಳು. ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಪ್ರತಿ ಮನೆಯನ್ನೂ ಮುಂಚೆ ನೋಡಿರಬೇಕು. ಮಗು ರಾತ್ರಿ ಹನ್ನೆರಡಕ್ಕೂ ಫೋನ್ ಮಾಡಬಹುದಾದ ಒಬ್ಬರು ಇರಬೇಕು, ಅವರು ಆ ಮನೆಯವರಾಗಿರಬಾರದು. ಮಕ್ಕಳ ಸಹಾಯವಾಣಿ 1098 ಸಂಖ್ಯೆ ಎಲ್ಲ ಮಕ್ಕಳಿಗೂ ಗೊತ್ತಿರಬೇಕು. ಮುಂದೆ ಹೊರದೇಶದ ಮಕ್ಕಳು ಬಂದರೆ, ಅವರನ್ನು ಇಟ್ಟುಕೊಂಡ ಮನೆಯವರು 24 ಗಂಟೆಯೊಳಗೆ ಅದನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ನಿಗದಿತ ಫಾರ್ಮಿನಲ್ಲಿ ತಿಳಿಸಬೇಕು. ನಿಮ್ಮ ಮಕ್ಕಳ ಜೊತೆ ಸರ್ಕಾರಿ ಶಾಲೆ ಅಥವಾ ಕಾಲೇಜಿನ ಮೇಷ್ಟ್ರು ಹೊರದೇಶಕ್ಕೆ ಹೊರಟು, ಅವರ ಖರ್ಚನ್ನು ಅಲ್ಲಿನ ಫೌಂಡೇಶನ್ ಹೊತ್ತರೆ ಅದು ವಿದೇಶಿ ಆತಿಥ್ಯ. ಸರ್ಕಾರಿ ನೌಕರರು ಅದಕ್ಕೆ ಮೊದಲೇ ಗೃಹ ಸಚಿವಾಲಯದ ಅನುಮತಿ ಪಡೆಯಬೇಕು. ಇದು ಬಹಳ ಮಂದಿಗೆ ಗೊತ್ತಿಲ್ಲ.

ಕೊನೆಯದಾಗಿ, ಗ್ರಾಂಟ್ ನಿಂತರೆ ಏನು ಗತಿ ಎಂದು ಕೇಳಿದ್ದೀರಿ. ನಿಲ್ಲುತ್ತದೆ ಎಂದೇ ತಿಳಿದು ಶುರು ಮಾಡಿ. 2025ರ ಫೆಬ್ರವರಿಯಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ವಿನಿಮಯ ಕಾರ್ಯಕ್ರಮಗಳ ಗ್ರಾಂಟ್ ಹಣವನ್ನು ತಡೆಹಿಡಿಯಿತು. ದಶಕಗಳ ಅನುಭವವಿದ್ದ ಸಂಸ್ಥೆಗಳೂ ವಾರಗಳೊಳಗೆ ಸಿಬ್ಬಂದಿಯನ್ನು ಸಂಬಳವಿಲ್ಲದ ರಜೆಗೆ ಕಳಿಸಬೇಕಾಯಿತು. ಅವರ ಕೆಲಸದಲ್ಲಿ ಕೊರತೆ ಇರಲಿಲ್ಲ. ಹಣದ ಮೂಲ ಒಂದೇ ಆಗಿತ್ತು, ಅಷ್ಟೇ.

ನಮ್ಮಲ್ಲೇ ಬೇರೆ ತರದ ಉದಾಹರಣೆಗಳಿವೆ. ಸಾಗರ ತಾಲೂಕಿನ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1980ರ ದಶಕದಲ್ಲಿ ಫೋರ್ಡ್ ಫೌಂಡೇಶನ್ ನೆರವಿನಿಂದ ಜನಸ್ಪಂದನ ಯೋಜನೆ ನಡೆಸಿತು. ಊರೂರಿಗೆ ನಾಟಕ, ಸಿನಿಮಾ ಕೊಂಡೊಯ್ಯುವ ಕೆಲಸ ಅದು. ಗ್ರಾಂಟಿನ ಅವಧಿ ಮುಗಿಯಿತು. 1985ರಲ್ಲಿ ಶುರುವಾದ ತಿರುಗಾಟ, ಅಂದರೆ ಅವರ ಸಂಚಾರಿ ನಾಟಕ ತಂಡದ ಓಡಾಟ ಮುಗಿಯಲಿಲ್ಲ, ಯಾಕೆಂದರೆ ಊರೂರಿನ ಸಂಘಟಕರು ಅದನ್ನು ಕರೆಸಿಕೊಂಡರು, ಜನ ನೋಡಲು ಬಂದರು. ನಿಮ್ಮ ಕೆಲಸಕ್ಕೆ ಇನ್ನೂ ಹತ್ತಿರದವರು ಬೆಂಗಳೂರಿನಲ್ಲಿ ಹುಟ್ಟಿದ ಎಸ್. ಎನ್. ಸುಬ್ಬರಾವ್. ಚಂಬಲ್ ಕಣಿವೆಯ ಡಕಾಯಿತರು ಶರಣಾದ ಕಾಲದಿಂದ ಅವರ ಹೆಸರು ದೇಶಕ್ಕೆ ಗೊತ್ತು. ರಾಷ್ಟ್ರೀಯ ಯುವ ಯೋಜನೆಯ ಮೂಲಕ ದಶಕಗಳ ಕಾಲ, 2021ರಲ್ಲಿ ತೀರಿಕೊಳ್ಳುವವರೆಗೆ, ಎಲ್ಲ ರಾಜ್ಯದ ಯುವಜನರನ್ನು ಶಿಬಿರಗಳಲ್ಲಿ ಸೇರಿಸಿದರು. ಅವರ ಮಕ್ಕಳ ಶಿಬಿರಗಳಲ್ಲಿ ಹೊರಗಿನಿಂದ ಬಂದ ಮಕ್ಕಳು ಊರಿನ ಮನೆಗಳಲ್ಲೇ ಉಳಿಯುತ್ತಿದ್ದರು.

ಆದ್ದರಿಂದ ಬಜೆಟ್ಟಿನಲ್ಲಿ ಒಂದು ಗೆರೆ ಎಳೆದುಕೊಳ್ಳಿ. ವರ್ಷಕ್ಕೊಂದು ಸಣ್ಣ ವಿನಿಮಯ ನಡೆಸಲು ಬೇಕಾದ ಕನಿಷ್ಠ ಖರ್ಚು ಶುಲ್ಕ, ಊರಿನ ದೇಣಿಗೆ ಮತ್ತು ಮನೆಗಳ ಆತಿಥ್ಯದಲ್ಲೇ ಹುಟ್ಟಬೇಕು. ಗ್ರಾಂಟ್ ಬಂದ ವರ್ಷ ಹೆಚ್ಚು ಮಕ್ಕಳು, ಒಳ್ಳೆಯ ತಯಾರಿ, ಶುಲ್ಕ ಕೊಡಲಾಗದವರಿಗೆ ಪೂರ್ತಿ ನೆರವು. ಬಾರದ ವರ್ಷ ತಂಡ ಚಿಕ್ಕದಾಗಲಿ, ಸಾಲು ಮುರಿಯದಿರಲಿ. ಒಬ್ಬನೇ ಫಂಡರ್ ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು ಹೊರದ ಹಾಗೆ ನೋಡಿಕೊಳ್ಳಿ. ಮೇಲಿನ ಲೆಕ್ಕದ 4,42,000ವನ್ನೂ ಒಂದೇ ಕಡೆ ಕೇಳುವ ಬದಲು ಎರಡು ಭಾಗ ಮಾಡಿ: ತಯಾರಿ, ಸಂವಾದ, ಮರುಭೇಟಿ ಒಂದು ಫೌಂಡೇಶನ್ನಿಗೆ, ಬಡ ಮಕ್ಕಳ ಪ್ರಯಾಣ ಇನ್ನೊಂದು ಕುಟುಂಬ ಟ್ರಸ್ಟಿಗೆ ಅಥವಾ ಊರಿನ ರೋಟರಿ ಕ್ಲಬ್ಬಿಗೆ. ಈ ವರ್ಷ ಅಷ್ಟು ಮಾಡಿ. ಪ್ರತಿ ರೂಪಾಯಿಗೂ ವೋಚರ್ ಇಡಿ, ಆಡಿಟ್ ಮಾಡಿಸಿ, 12ಎ ಮತ್ತು 80ಜಿ ಇಲ್ಲದಿದ್ದರೆ ಈಗಲೇ ಅರ್ಜಿ ಹಾಕಿ. ಮೂರನೇ ವರ್ಷ ತುಂಬಿದಾಗ ಸಿಎಸ್‌ಆರ್ ಬಾಗಿಲು ತೆರೆಯುತ್ತದೆ. ಎಫ್‌ಸಿಆರ್‌ಎ ನೋಂದಣಿಗೆ 15 ಲಕ್ಷದ ಖರ್ಚಿನ ಲೆಕ್ಕವೂ ಬೇಕಿರುವುದರಿಂದ ಅದಕ್ಕೆ ಇನ್ನೂ ಸ್ವಲ್ಪ ಕಾಲ ಹಿಡಿಯಬಹುದು. ಅಲ್ಲಿಯವರೆಗೆ ಅಮೆರಿಕದ ಪೌರತ್ವ ಪಡೆದಿರುವ ನಿಮ್ಮೂರಿನವರಿಗೆ ಹೇಳಿ: ಹಣ ಬೇಡ, ಹೊರಡುವ ಮಕ್ಕಳ ಜೊತೆ ಭಾನುವಾರ ಒಂದು ಗಂಟೆ ವಿಡಿಯೊ ಕರೆಯಲ್ಲಿ ಮಾತಾಡಿ. ಪರಊರಿನಲ್ಲಿ ಮೊದಲ ತಿಂಗಳು ಹೇಗಿರುತ್ತದೆ ಎಂದು ಅವರಿಗಿಂತ ಚೆನ್ನಾಗಿ ಹೇಳುವವರು ನಿಮಗೆ ಸಿಗುವುದಿಲ್ಲ.